ಚೋರ್ ಬಜಾರಿನ ಡ್ರಮ್ ಸೆಟ್ಟು

ಮುಂಬಯಿಯಲ್ಲಿ ಮನೆ ಮಾಡಿದವರಿಗೆ ಚೋರ್ ಬಜಾರಿನ ಹೆಸರು ಗೊತ್ತಿಲ್ಲದೆ ಇರುವುದಿಲ್ಲ. ಆದರೆ ಅಲ್ಲಿಗೆ ಹೋಗಿ ಬಂದವರು ನಮ್ಮಲ್ಲಿ ಕಡಿಮೆ. ಗ್ರಾಂಟ್ ರೋಡ್ ಸ್ಟೇಶನ್ನಿನಲ್ಲಿ ಇಳಿದು ಪೂರ್ವದ ಕಡೆಗೆ ನಡೆದರೆ ಹೆಚ್ಚು ದೂರವಿಲ್ಲ. ಭೇಂಡಿ ಬಜಾರಿನ ಮಗ್ಗುಲಲ್ಲಿರುವ ಈ ಪೇಟೆಯಲ್ಲಿ ಹಳೆಯ ಸಾಮಾನಿಗೆ ಮಟನ್ ಸ್ಟ್ರೀಟೇ ಮುಖ್ಯ ಬೀದಿ. ಮೊದಲು ಗದ್ದಲದ ಪೇಟೆಯೆಂದು ‘ಶೋರ್ ಬಜಾರ್’ ಎನ್ನುತ್ತಿದ್ದರೆಂದೂ, ಇಂಗ್ಲಿಷರ ನಾಲಗೆಗೆ ಸಿಕ್ಕಿ ಅದು ‘ಚೋರ್’ ಆಯಿತೆಂದೂ ಜನ ಹೇಳುತ್ತಾರೆ. ಶುಕ್ರವಾರ ಅಂಗಡಿಗಳಿಗೆ ರಜೆ. ಅದೇ ದಿನ ನಸುಕಿನಲ್ಲಿ ಬೀದಿಯ ಮೇಲೇ ಸಂತೆ ನೆರೆಯುತ್ತದೆ. ಅಂಗಡಿಗಳನ್ನು ನೋಡಬೇಕೆನ್ನುವವರು ಉಳಿದ ದಿನಗಳಲ್ಲಿ ಹೋಗಬೇಕು.

ಗ್ರಾಮಾಫೋನು, ಹಡಗಿನ ದೀಪ, ಹಳೆಯ ಸಿನಿಮಾ ಪೋಸ್ಟರು, ಹಿತ್ತಾಳೆಯ ನಲ್ಲಿ, ಕಾಲು ಮುರಿದ ಕುರ್ಚಿ ಎಲ್ಲವೂ ಒಂದರ ಮೇಲೊಂದು ಕುಳಿತಿರುವ ಈ ಬೀದಿಯಲ್ಲಿ ನಮಗೆ ಬೇಕಾಗಿದ್ದದ್ದು ಒಂದು ಡ್ರಮ್ ಸೆಟ್ಟು. ಮಗ ಎರಡು ವರ್ಷದಿಂದ ಕಲಿಯುತ್ತಿದ್ದಾನೆ. ಹೊಸದಾದ ಒಳ್ಳೆಯ ಸೆಟ್ಟಿನ ಬೆಲೆ ನಮ್ಮ ಕೈಗೆ ಎಟಕುವಂತಿರಲಿಲ್ಲ. ನಮ್ಮ ಕಟ್ಟಡದಲ್ಲೇ ಇರುವ ಗೋವೆಯ ಹಿರಿಯರೊಬ್ಬರು ಒಂದು ಕಾಲದಲ್ಲಿ ಮದುವೆಯ ಬ್ಯಾಂಡುಗಳಲ್ಲೂ ಸಿನಿಮಾ ರೆಕಾರ್ಡಿಂಗುಗಳಲ್ಲೂ ಡ್ರಮ್ ನುಡಿಸಿದವರು. “ಹಳೆಯದನ್ನು ಹುಡುಕೋಣ, ನಾನೂ ಬರುತ್ತೇನೆ” ಎಂದು ಅವರೇ ಹೊರಟರು.

ಮುಂಬಯಿಯಲ್ಲಿ ಹಳೆಯ ಡ್ರಮ್ಮುಗಳು ಸಿಗುವುದಕ್ಕೆ ಕಾರಣವಿದೆ. 1935ರಲ್ಲಿಯೇ ಲಿಯೋನ್ ಆಬಿ ಎಂಬ ಅಮೆರಿಕದ ನೀಗ್ರೋ ಸಂಗೀತಗಾರನ ಜಾಝ್ ತಂಡ ಇಲ್ಲಿನ ತಾಜ್ ಮಹಲ್ ಹೋಟೆಲಿಗೆ ಬಂದಿತ್ತು. ಅಂಥವರಿಂದ ಕಲಿತ ಗೋವೆಯ ವಾದ್ಯಗಾರರು ಹಗಲು ಸ್ಟುಡಿಯೋಗಳಲ್ಲಿ, ರಾತ್ರಿ ಹೋಟೆಲುಗಳಲ್ಲಿ ನುಡಿಸಿದರು. 1951ರ ‘ಅಲಬೇಲಾ’ ಚಿತ್ರದ ಕುಣಿತದ ಹಾಡುಗಳಲ್ಲಿ ಆ ಜಾಝ್ ಮೇಳದ ಕೈವಾಡವನ್ನು ಇಂದೂ ಕೇಳಬಹುದು. ಪಾರಸಿಗಳಾದ ಕಾವಸ್ ಲಾರ್ಡರೂ ಅವರ ಮಕ್ಕಳಾದ ಕೇರ್ಸಿ ಮತ್ತು ಬುರ್ಜೋರರೂ ಹಿಂದಿ ಚಿತ್ರಸಂಗೀತದ ತಾಳವಾದ್ಯಗಳಲ್ಲಿ ಹೆಸರಾದವರು. ಮುಂದೆ ಸಿಂಥಸೈಜರ್ ಮತ್ತು ತಾಳದ ಯಂತ್ರಗಳು ಬಂದವು. 1990ರ ದಶಕದ ಹೊತ್ತಿಗೆ ದೊಡ್ಡ ವಾದ್ಯವೃಂದಗಳು ಕರಗಿದವು. ಡ್ರಮ್ಮುಗಳು ಅಟ್ಟ ಸೇರಿದವು. ಅಟ್ಟದಿಂದ ಒಂದೊಂದಾಗಿ ಈ ಪೇಟೆಗೆ ಇಳಿದವು.

ಮೂರನೆಯ ಅಂಗಡಿಯ ಹಿಂಬದಿಯಲ್ಲಿ ನಮ್ಮ ಸೆಟ್ಟು ಕಂಡಿತು: ನೆಲದ ದೊಡ್ಡ ಬೇಸ್ ಡ್ರಮ್ಮು, ಎರಡು ಟಾಮ್‌ಗಳು, ಒಂದು ಸ್ನೇರ್, ಎರಡು ಕಂಚಿನ ಸಿಂಬಲ್ಲು. ಅದರ ಪಕ್ಕದಲ್ಲೇ ಬೇರೊಂದು ಬೇಸ್ ಡ್ರಮ್ಮಿನ ಮೇಲೆ ಗಾಜು ಕೂರಿಸಿ ಟೀಪಾಯಿ ಮಾಡಿ ಇಟ್ಟಿದ್ದರು. “ಇದಕ್ಕೂ ಗಿರಾಕಿ ಇದ್ದಾರೆ, ಸಾಹೇಬ್. ನಾಳೆ ಬಂದು ದೊಡ್ಡದನ್ನು ಮಾತ್ರ ಒಯ್ಯುತ್ತಾರೆ, ಹೋಟೆಲಿನ ಅಲಂಕಾರಕ್ಕೆ” ಎಂದ ಅಂಗಡಿಯಾತ. ದೊಡ್ಡದು ಹೋದರೆ ಉಳಿದವು ಬಿಡಿ ಸಾಮಾನು. ಕಬ್ಬಿಣ ತೂಕಕ್ಕೆ, ಮರ ಒಲೆಗೆ. ನಾಳೆಯವರೆಗೆ ಯೋಚಿಸುವ ಅವಕಾಶ ನಮಗಿರಲಿಲ್ಲ.

“ಲುಡ್ವಿಗ್, ಅಮೆರಿಕದ್ದು” ಎಂದು ಆತ ಮುಂದಿನ ಚರ್ಮದ ಮೇಲಿನ ಅಕ್ಷರವನ್ನು ತೋರಿಸಿದ. ಹಿರಿಯರು ನಕ್ಕರು. ಬೀಟಲ್ಸ್ ತಂಡದ ರಿಂಗೋ ಸ್ಟಾರ್ 1963ರಲ್ಲಿ ಲಂಡನ್ನಿನಲ್ಲಿ ಲುಡ್ವಿಗ್ ಡ್ರಮ್ಮು ಕೊಂಡದ್ದೂ, ಮರುವರ್ಷ ಅಮೆರಿಕದ ಟೆಲಿವಿಷನ್ನಿನಲ್ಲಿ ಲಕ್ಷಾಂತರ ಜನ ಆ ಹೆಸರನ್ನು ಕಂಡದ್ದೂ ಪ್ರಸಿದ್ಧವೇ. ಅಂದಿನಿಂದ ಯಾವ ಡ್ರಮ್ಮಿಗೂ ಆ ಹೆಸರು ಅಂಟಿಸಿದರೆ ಬೆಲೆ ಏರುತ್ತದೆ. ಮುಂದಿನ ಚರ್ಮ ಬದಲಾಗುವ ವಸ್ತು. ಅದರ ಮೇಲಿನ ಹೆಸರನ್ನು ಸಾಕ್ಷಿಯೆಂದು ನಂಬಲಾಗದು. ಮರದ ಗೋಡೆಗೆ ಹೊಡೆದ ಲೋಹದ ಬಿಲ್ಲೆಯನ್ನು ನೋಡಬೇಕು. ಲುಡ್ವಿಗ್ಗಿನ 1960ರ ದಶಕದ ಬಿಲ್ಲೆ ಕಮಾನಿನ ನಡುಗಲ್ಲಿನ ಆಕಾರದ್ದು. ಅದರಲ್ಲಿ ಕ್ರಮಸಂಖ್ಯೆ ಬರತೊಡಗಿದ್ದು 1963ರ ಕೊನೆಯ ಸುಮಾರಿಗೆ. ಇಲ್ಲಿ ಧೂಳು ಒರೆಸಿದಾಗ ಕಂಡದ್ದು ‘ಪ್ರೀಮಿಯರ್’ ಎಂಬ ಹೆಸರು. 1922ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಯುದ್ಧದ ಬಾಂಬಿಗೆ ಕಾರ್ಖಾನೆ ಕಳೆದುಕೊಂಡು ಲೆಸ್ಟರ್ ಕಡೆಗೆ ಹೋಗಿ ನೆಲೆಸಿದ ಕಂಪನಿ ಅದು. ರಿಂಗೋ ಕೂಡ ಲುಡ್ವಿಗ್ಗಿಗೆ ಮೊದಲು ನುಡಿಸುತ್ತಿದ್ದದ್ದು ಪ್ರೀಮಿಯರನ್ನೇ.

ಬಿಲ್ಲೆಯನ್ನೂ ಕಿತ್ತು ಬೇರೆ ಕಡೆ ಹೊಡೆಯಬಹುದಲ್ಲವೇ ಎಂದು ಕೇಳಿದೆವು. ಅದಕ್ಕೇ ಒಳಗೆ ನೋಡಬೇಕೆಂದು ಹಿರಿಯರು ಚರ್ಮ ಬಿಚ್ಚಿಸಿದರು. ತೆಳುವಾದ ಮರದ ಪದರಗಳ ಗೋಡೆ. ಅದರ ಒಳಮೈಗೆ ಮೇಲೂ ಕೆಳಗೂ ಗಟ್ಟಿಮರದ ಬಳೆ. ಆ ಕಾಲದ ಪ್ರೀಮಿಯರ್ ಕೆಲಸದ ರೀತಿ ಅದು. ಬಿಗಿಯುವ ಲೋಹದ ತುಂಡುಗಳೆಲ್ಲ ಒಂದೇ ಬಗೆಯವು. ಹೆಚ್ಚಿನ ತೂತುಗಳಿಲ್ಲ, ಬೇರೆ ತುಂಡು ಕೂತಿದ್ದ ಗುರುತಿಲ್ಲ. ಸಿಂಬಲ್ಲುಗಳಲ್ಲಿ ಒಂದರ ಮೇಲೆ ‘ಝಿನ್’ ಎಂಬ ಮುದ್ರೆ. ಅದೂ ಪ್ರೀಮಿಯರಿನದೇ ಮಾಲು. ಎಲ್ಲವೂ ಒಂದೇ ಮನೆಯ ಮಕ್ಕಳೆಂದು ಖಾತ್ರಿಯಾಯಿತು.

ಕಂಡದ್ದನ್ನು ಅಂಗಡಿಯಾತನಿಗೆ ಇದ್ದ ಹಾಗೆ ಹೇಳಿದೆವು. ಬಿಲ್ಲೆಯನ್ನು ತೋರಿಸಿದ ಮೇಲೆ ಅವನೂ ವಾದಿಸಲಿಲ್ಲ. ಲುಡ್ವಿಗ್ಗಿನ ಬೆಲೆ ಇಳಿಸಿ 16,000 ರೂಪಾಯಿಗೆ ಒಪ್ಪಿದ. ಹುಡುಗನ ಮುಖ ಮಾತ್ರ ಸಪ್ಪಗಾಯಿತು. “ಹೆಸರು ಸಣ್ಣದಾಯಿತೆಂದು ಯೋಚಿಸಬೇಡ ಮಗಾ. ಸುಳ್ಳು ಹೆಸರಿನಲ್ಲಿ ಬಾಳುವುದಕ್ಕಿಂತ ಸ್ವಂತ ಹೆಸರೇ ಮೇಲು” ಎಂದರು ಹಿರಿಯರು.

ಮನೆಗೆ ತಂದ ಮೇಲೆ ನಿಜವಾದ ಕೆಲಸ. ಹೊರಗಿನ ಬಿಳಿಯ ಮುತ್ತಿನ ಹೊದಿಕೆ ಕಾಲಾಂತರದಲ್ಲಿ ಕೆನೆಬಣ್ಣಕ್ಕೆ ತಿರುಗಿತ್ತು. ಪಾಲಿಶಿನವನೊಬ್ಬ ಬಂದು, “ಥಿನ್ನರ್ ಹಾಕಿ ಉಜ್ಜುತ್ತೇನೆ, ಒಳಗೂ ಮರಳುಕಾಗದ ಹಾಕಿ ಬಣ್ಣ ಹೊಡೆದರೆ ಹೊಸದೇ ಆಗುತ್ತದೆ” ಎಂದ. ಹುಡುಗನಿಗೂ ಹೊಳೆಯುವ ಕೆಂಪು ಬೇಕಾಗಿತ್ತು. ಹಿರಿಯರು ತಡೆದರು. ಆ ಕಾಲದ ಇಂಥ ಹೊದಿಕೆಗಳಲ್ಲಿ ಬಹಳಷ್ಟು ಸೆಲ್ಯುಲಾಯ್ಡು. ಥಿನ್ನರು ಅದನ್ನು ಕರಗಿಸುತ್ತದೆ, ಬೆಂಕಿ ತಾಗಿದರೆ ಥಟ್ಟನೆ ಹೊತ್ತಿಕೊಳ್ಳುತ್ತದೆ. ಹಿಂಡಿದ ಬಟ್ಟೆ, ಸೌಮ್ಯ ಸಾಬೂನಿನ ನೀರು, ತಾಳ್ಮೆ: ಇಷ್ಟೇ ಸಾಕು.

ಒಳಗೆ ಮರಳುಕಾಗದ ಬೇಡವೆನ್ನುವುದಕ್ಕೆ ಇನ್ನೊಂದು ಕಾರಣವಿತ್ತು. ಬೇಸ್ ಡ್ರಮ್ಮಿನ ಒಳಮೈಯಲ್ಲಿ ಯಾರೋ ಪೆನ್ಸಿಲಿನಿಂದ ಚರ್ಮ ಬದಲಿಸಿದ ತಾರೀಕುಗಳನ್ನು ಒಂದರ ಕೆಳಗೊಂದು ಬರೆದಿದ್ದರು, 1968ರಿಂದ 1983ರವರೆಗೆ. ಹೆಸರಿರಲಿಲ್ಲ. ಹದಿನೈದು ವರ್ಷ ಒಬ್ಬ ಮನುಷ್ಯ ಹೊಟ್ಟೆ ಹೊರೆದ ಲೆಕ್ಕ ಅದು. ಹಿರಿಯರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಅದನ್ನು ಓದಿದರು, ಏನೂ ಹೇಳಲಿಲ್ಲ. ಕೆಂಪು ಬಣ್ಣದ ಮಾತನ್ನು ಹುಡುಗ ಮತ್ತೆ ಎತ್ತಲಿಲ್ಲ.

ತುಕ್ಕು ಹಿಡಿದ ಕ್ರೋಮಿನ ಬಳೆಗಳನ್ನು ಅಡಿಗೆಮನೆಯ ಅಲ್ಯುಮಿನಿಯಂ ಹಾಳೆಯನ್ನು ಮುದ್ದೆ ಮಾಡಿ, ನೀರಿನಲ್ಲಿ ಅದ್ದಿ ಉಜ್ಜಿದೆವು. ಮೇಲಿನ ತುಕ್ಕು ಬಿಟ್ಟಿತು. ಸಿಂಬಲ್ಲುಗಳನ್ನು ಮಾತ್ರ ದೀಪದ ಕಂಬದ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಬಾರದು. ಮಸಿಯಲ್ಲಿ ಅಚ್ಚಾದ ಹೆಸರು ಹೋಗುತ್ತದೆ. ವರ್ಷಗಳಿಂದ ಕೂಡಿದ ಕಂದು ಬಣ್ಣವನ್ನು ವಾದ್ಯಗಾರರು ಬಯಸುವುದೂ ಉಂಟು.

ಚರ್ಮ ಕೂರುವ ಅಂಚು ಸಮವಾಗಿದೆಯೇ ಎಂಬ ಪರೀಕ್ಷೆಗೆ ಚಪ್ಪಟೆಯಾದ ಕಲ್ಲೋ ಗಾಜೋ ಬೇಕು. ಮಾಟುಂಗಾದಲ್ಲಿ ನಮ್ಮವರೊಬ್ಬರ ಉಡುಪಿ ಹೋಟೆಲಿನಲ್ಲಿ ಹಳೆಯ ಅಮೃತಶಿಲೆಯ ಮೇಜುಗಳಿವೆ. ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಟಾಮನ್ನು ಮೇಜಿನ ಮೇಲೆ ಬೋರಲು ಹಾಕಿ, ಒಳಗೆ ಸಣ್ಣ ಟಾರ್ಚು ಇಟ್ಟು, ದೀಪ ಆರಿಸಿ ಸುತ್ತಲೂ ನೋಡಿದೆವು. ಎಲ್ಲಿ ಬೆಳಕು ಸೋರುತ್ತದೋ ಅಲ್ಲಿ ಅಂಚು ತಗ್ಗಿದೆಯೆಂದು ತಿಳಿಯಬೇಕು. ಒಂದೇ ಕಡೆ ಕೂದಲೆಳೆಯಷ್ಟು ಸೋರಿತು. ಅದನ್ನು ಹಾಗೆಯೇ ಬಿಟ್ಟೆವು. ಕಾಫಿ ತಂದ ಹುಡುಗರೂ ಬಗ್ಗಿ ನೋಡಿ ಹೋದರು.

ಹಳೆಯ ಪ್ರೀಮಿಯರ್ ಕೊಳ್ಳುವವರು ಗಮನಿಸಬೇಕಾದ ಒಂದು ವಿಷಯವಿದೆ. 1960ರ ದಶಕದ ಕೊನೆಯ ಭಾಗದವರೆಗೆ ಅವರ ಕೆಲವು ಟಾಮ್‌ಗಳ ಅಳತೆ ಈಗಿನ ಅಳತೆಗಿಂತ ತುಸು ದೊಡ್ಡದು. ಹನ್ನೆರಡು ಇಂಚಿನದೆಂದು ತಂದ ಹೊಸ ಚರ್ಮ ಅದರ ಮೇಲೆ ಕೂರುವುದೇ ಇಲ್ಲ. ಆ ಅಳತೆಯದನ್ನು ಬೇರೆಯಾಗಿ ತರಿಸಬೇಕು. ಆದ್ದರಿಂದ ಅಳೆಯದೆ ಚರ್ಮ ಕೊಳ್ಳಬಾರದು. ಅದಕ್ಕಾಗಿ ಮರವನ್ನು ಹೆರೆಯಲಂತೂ ಕೂಡದು. ಚರ್ಮವೆಂದು ಬಾಯಿಮಾತಿಗೆ ಅನ್ನುತ್ತೇವೆ. 1957ರಿಂದೀಚೆಗೆ ಪ್ಲಾಸ್ಟಿಕ್ಕಿನ ಹಾಳೆ ಬಳಕೆಗೆ ಬಂತು. ಅದಕ್ಕೆ ಮೊದಲು ಕರುವಿನ ತೊಗಲು. ಮುಂಬಯಿಯ ಮಳೆಗಾಲದಲ್ಲಿ ಅದರ ಪಾಡು ಏನಾಗುತ್ತಿತ್ತೆಂಬುದು ಮೃದಂಗ ಬಲ್ಲವರಿಗೆ ಹೇಳಬೇಕಾದ್ದಿಲ್ಲ.

ಶ್ರುತಿ ಕೂಡಿಸುವ ಕ್ರಮವೂ ನಮಗೆ ತೀರ ಹೊಸದಲ್ಲ. ಒಂದು ತಿರುಪು ಬಿಗಿದರೆ ಅದರ ಎದುರಿನದನ್ನು ಅಷ್ಟೇ ಬಿಗಿಯಬೇಕು. ಹೀಗೆ ಅಡ್ಡಡ್ಡವಾಗಿ ಸುತ್ತು ಮುಗಿಸಿ, ಪ್ರತಿ ತಿರುಪಿನ ಬಳಿ ಬೆರಳಿನಿಂದ ತಟ್ಟಿ ಒಂದೇ ನಾದ ಬರುವವರೆಗೆ ಸರಿಪಡಿಸಬೇಕು. ತಬಲದ ಅಂಚಿನ ಸುತ್ತ ಸುತ್ತಿಗೆಯಿಂದ ತಟ್ಟುವವರೂ ಮಾಡುವುದು ಇದನ್ನೇ.

ಹಳೆಯ ವಸ್ತುವನ್ನು ದುರಸ್ತಿ ಮಾಡುವುದೆಂದರೆ ಹೊಸದು ಮಾಡುವುದಲ್ಲ, ಅದು ತನ್ನ ಕೆಲಸ ಮಾಡುವಂತೆ ಮಾಡುವುದು ಎಂದು ಆ ಮೂರು ತಿಂಗಳಲ್ಲಿ ತಿಳಿಯಿತು. ಎಲ್ಲಿಂದ ಬಂತೆಂಬ ಗುರುತನ್ನು ಅಳಿಸದೆಯೂ ಈ ಊರಿನ ಮೇಳದಲ್ಲಿ ಸೇರಿ ನುಡಿಯಬಹುದು. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ನಾವೂ ನೀವೂ ಇದನ್ನು ಬಲ್ಲೆವು.

ಈಗ ಸಂಜೆ ಆರರಿಂದ ಏಳರವರೆಗೆ, ನೆರೆಹೊರೆಯವರ ಒಪ್ಪಿಗೆ ಪಡೆದು, ಬೇಸ್ ಡ್ರಮ್ಮಿಗೆ ಹಳೆಯ ಕಂಬಳಿ ತುಂಬಿ ಅಭ್ಯಾಸ ನಡೆದಿದೆ. ಸಣ್ಣ ಟಾಮಿಗೆ ಸರಿಯಾದ ಚರ್ಮ ಇನ್ನೂ ಬಂದಿಲ್ಲ. ಅದು ಬಂದ ಮೇಲೆ ಸಂಘದ ಮಕ್ಕಳೆಲ್ಲ ಬಂದು ಬಾರಿಸಿ ನೋಡಲಿ. ಒಳಗಿನ ಪೆನ್ಸಿಲಿನ ಪಟ್ಟಿಯ ಕೆಳಗೆ ನಾವು ಚರ್ಮ ಬದಲಿಸಿದ ತಾರೀಕನ್ನು ಹುಡುಗ ಈಗಾಗಲೇ ಬರೆದಿದ್ದಾನೆ. ತನ್ನ ಹೆಸರನ್ನು ಬರೆದಿಲ್ಲ.