ಟೈರು ಸವೆದ ಲೆಕ್ಕ

ಕಳೆದ ಮಳೆಗಾಲದ ಒಂದು ಭಾನುವಾರ ಬೆಳಿಗ್ಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪಾಮನಕಲ್ಲೂರಿನ ನಮ್ಮ ಮನೆಯ ಮುಂದೆ ಬೈಕು ತಳ್ಳಿಕೊಂಡು ಬಂದು ನಿಂತ. ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡಿದ್ದ. "ಏನಪ್ಪಾ, ಬಿದ್ದಿಯೇನು?" ಎಂದೆ.

"ಹೌದ್ರಿ ಸರ್, ಹಸಿ ರಸ್ತಾದಾಗ ಜಾರಿತ್ರಿ. ಎರಡೂ ಟೈರು ಹೋಗ್ಯಾವ. ಒಂದು ನಾಲ್ಕು ಸಾವಿರ ಕೈಗಡ ಬೇಕಾಗಿತ್ತು."

ಹಿಂದಿನ ಟೈರು ನೋಡಿದೆ. ನನ್ನ ತಲೆಯಷ್ಟೇ ನುಣ್ಣಗಾಗಿತ್ತು. ಟೈರಿನ ಮೇಲಿನ ಗೀರುಗಳು ಅಂದಕ್ಕೆ ಇರುವುದಲ್ಲ. ರಸ್ತೆಯ ಮೇಲಿನ ನೀರು ಹರಿದು ಹೋಗಲು ಇರುವ ಕಾಲುವೆಗಳು ಅವು. ಅವು ಸವೆದರೆ ಟೈರಿಗೂ ರಸ್ತೆಗೂ ನಡುವೆ ನೀರಿನ ಪದರ ಉಳಿಯುತ್ತದೆ, ಘರ್ಷಣೆ ಕಡಿಮೆಯಾಗುತ್ತದೆ. ಅದರ ಜತೆ ನಮ್ಮ ಎರೆಮಣ್ಣೂ ಸೇರಿದರೆ ರಸ್ತೆ ಸಾಬೂನಾಗುತ್ತದೆ. ಘರ್ಷಣೆಯ ಪಾಠವನ್ನು ಇವನಿಗೆ ನಾನೇ ಮಾಡಿದ್ದೆ. ಮಾಡದೆ ಬಿಟ್ಟ ಪಾಠ ಬೇರೆ ಇತ್ತು, ಅದು ಅಂದು ತಿಳಿಯಿತು.

ಹುಡುಗ ಒಂದು ಬೀಜ ಮತ್ತು ಔಷಧಿ ಕಂಪನಿಯ ಕ್ಷೇತ್ರ ಸಹಾಯಕ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಸಿಂಧನೂರಿನ ಭತ್ತದ ಗದ್ದೆಗಳಿಂದ ಹಿಡಿದು, 5ಎ ಕಾಲುವೆಗಾಗಿ 2020-21ರಲ್ಲಿ ತಿಂಗಳುಗಟ್ಟಲೆ ಧರಣಿ ಕುಳಿತ ನಮ್ಮ ಕಡೆಯ ಹತ್ತಿ, ತೊಗರಿ ಹೊಲಗಳವರೆಗೆ ಅವನು ತಿರುಗಬೇಕು. ಕೆಲಸದ ಜಾಹೀರಾತಿನಲ್ಲಿ 'ಸ್ವಂತ ಬೈಕು ಕಡ್ಡಾಯ' ಎಂದಿತ್ತು. ತಾಯಿ ಬೆಂಡೋಲೆ ಅಡವಿಟ್ಟು ಮುಂಗಡ ಕಟ್ಟಿದ್ದಳು, ಉಳಿದದ್ದು ಸಾಲ.

"ಕಂಪನಿ ಗಾಡಿ ಖರ್ಚು ಕೊಡುವುದಿಲ್ಲವೇ?"

"ಕೊಡ್ತಾರ್ರಿ. ಕಿಲೋಮೀಟರಿಗೆ ಮೂರು ರೂಪಾಯಿ. ಪೆಟ್ರೋಲಿಗೆ ಎರಡು ಹೋಗತೈತಿ, ಒಂದು ರೂಪಾಯಿ ಉಳಿತೈತಿ. ತಿಂಗಳಿಗೆ ಒಂದೂವರೆ ಸಾವಿರ ಕಿಲೋಮೀಟರ್ ಆಗತೈತ್ರಿ. ಆ ಉಳಿದ ದುಡ್ಡಿನ್ಯಾಗೇ ಮೊಬೈಲ್ ಕಂತು ಕಟ್ಟಾಕತ್ತೀನಿ."

ನನಗೆ ಆಗಲೇ ರೋಗ ಗೊತ್ತಾಯಿತು. ಚಹಾ ಕುಡಿಸಿ, ಹಳೆಯ ನೋಟುಪುಸ್ತಕದ ಹಿಂಬದಿಯಲ್ಲಿ ಇಬ್ಬರೂ ಲೆಕ್ಕಕ್ಕೆ ಕುಳಿತೆವು. ವಿದ್ಯಾರ್ಥಿಗಳು ಪೆನ್ನು ಹಿಡಿದು ಜತೆಗೆ ಬರಲಿ.

ಪೆಟ್ರೋಲು ಲೀಟರಿಗೆ ನೂರು ರೂಪಾಯಿ, ಓಡುವುದು 50 ಕಿಲೋಮೀಟರ್ ಎಂದು ಹಿಡಿದೆವು: ಕಿಲೋಮೀಟರಿಗೆ 2 ರೂಪಾಯಿ. ಬೈಕಿಗೆ ಬಿದ್ದದ್ದು 90 ಸಾವಿರ. 60 ಸಾವಿರ ಕಿಲೋಮೀಟರ್ ಓಡಿಸಿ ಮಾರಿದರೆ 30 ಸಾವಿರ ಬಂದೀತು. ಅಂದರೆ ಗಾಡಿಯ ಸವಕಳಿಯೇ 1 ರೂಪಾಯಿ. ಮೂರು ಸಾವಿರ ಕಿಲೋಮೀಟರಿಗೊಮ್ಮೆ ಆಯಿಲು, ಸರ್ವಿಸು 900 ರೂಪಾಯಿ: 30 ಪೈಸೆ. ಎರಡು ಟೈರಿಗೆ ನಾಲ್ಕು ಸಾವಿರ, ಬಾಳಿಕೆ 25 ಸಾವಿರ ಕಿಲೋಮೀಟರ್: 16 ಪೈಸೆ. ಚೈನು, ಬ್ರೇಕುಗಳಿಗೆ 10 ಪೈಸೆ. ವಿಮೆಗೆ 10 ಪೈಸೆ. ಸಾಲದ ಬಡ್ಡಿಗೆ 30 ಪೈಸೆ. ಒಟ್ಟು 3 ರೂಪಾಯಿ 96 ಪೈಸೆ.

ಹುಡುಗ ಎರಡು ಸಲ ಕೂಡಿ ನೋಡಿದ. ತಿಂಗಳಿಗೆ ಕಂಪನಿಯಿಂದ ಬರುವುದು 4,500. ಗಾಡಿಗೆ ನಿಜವಾಗಿ ತಗಲುವುದು 5,940. ಸಾವಿರದ ಐನೂರು ಉಳಿಯುತ್ತದೆ ಎಂದು ಅವನು ತಿಳಿದಿದ್ದ ಕಡೆ ಸಾವಿರದ ನಾನೂರ ನಲವತ್ತು ಕೈಯಿಂದ ಹೋಗುತ್ತಿತ್ತು. ಮೊಬೈಲಿನ ಕಂತು ಕಟ್ಟುತ್ತಿದ್ದುದು ಟೈರಿನ ದುಡ್ಡಿನಿಂದ. ಅದರ ರಸೀದಿ ಮೊಣಕಾಲಿನ ಮೇಲಿತ್ತು.

ಪೆಟ್ರೋಲಿನ ಖರ್ಚು ದಿನಾ ಕಣ್ಣಿಗೆ ಕಾಣುತ್ತದೆ. ಸವಕಳಿ ಕಾಣುವುದಿಲ್ಲ; ಒಂದು ದಿನ ಒಟ್ಟಿಗೆ ಬಂದು ಬಾಗಿಲು ಬಡಿಯುತ್ತದೆ. ಇದನ್ನು ಬಲ್ಲವರು ದರ ಕಟ್ಟುವಾಗ ಎಲ್ಲವನ್ನೂ ಸೇರಿಸುತ್ತಾರೆ. ಅಮೆರಿಕದ ತೆರಿಗೆ ಇಲಾಖೆ ಕೆಲಸಕ್ಕೆ ಬಳಸಿದ ಸ್ವಂತ ಕಾರಿಗೆ ಇಂಧನ, ರಿಪೇರಿ, ವಿಮೆ, ಸವಕಳಿ ಎಲ್ಲ ಸೇರಿಸಿ ಒಂದು ದರ ಗೊತ್ತುಪಡಿಸುತ್ತದೆ. 2024ರಲ್ಲಿ ಅದು ಮೈಲಿಗೆ 67 ಸೆಂಟು. ಬ್ರಿಟನ್ನಿನಲ್ಲಿ ಕೆಲಸಕ್ಕೆ ಸ್ವಂತ ಸೈಕಲ್ ತುಳಿದವನಿಗೂ ಮಾಲೀಕ ಮೈಲಿಗೆ 20 ಪೆನ್ಸ್‌ವರೆಗೆ ತೆರಿಗೆಯಿಲ್ಲದೆ ಕೊಡಬಹುದೆಂಬ ಲೆಕ್ಕವಿದೆ. ಸೈಕಲ್ಲು ಪೆಟ್ರೋಲು ಕುಡಿಯುವುದಿಲ್ಲ, ಆದರೂ ಸವೆಯುತ್ತದೆ. ದೂರ ಯಾಕೆ, ನಮ್ಮ ಕೇಂದ್ರ ಸರ್ಕಾರವೇ 2017ರಲ್ಲಿ, ಬೇರೆ ದರ ಗೊತ್ತಾಗದ ಊರುಗಳಲ್ಲಿ ತನ್ನ ನೌಕರರ ಸ್ವಂತ ಸ್ಕೂಟರಿಗೆ ಕಿಲೋಮೀಟರಿಗೆ 12 ರೂಪಾಯಿ, ಕಾರಿಗೆ 24 ರೂಪಾಯಿ ಎಂದು ಆದೇಶಿಸಿತು.

ಹುಡುಗನಿಗೆ ಇನ್ನೊಂದು ತಕರಾರೂ ಇತ್ತು. ಕಂಪನಿಯವರು ದೂರವನ್ನು ನಕ್ಷೆಯಲ್ಲಿ ಅಳೆಯುತ್ತಾರೆ. ಹಳ್ಳ ಬಂದರೆ ಸುತ್ತುವರಿದು ಹೋಗಬೇಕು, ಕಾಲುವೆ ದಾಟಲು ಸೇತುವೆ ಹುಡುಕಬೇಕು. ಅದು ನಕ್ಷೆಗೆ ಗೊತ್ತಿಲ್ಲ. ಒಂಬತ್ತನೆಯ ತರಗತಿಯಲ್ಲಿ ಕಲಿಸುವ 'ಚಲಿಸಿದ ದೂರ' ಮತ್ತು 'ಸ್ಥಾನಪಲ್ಲಟ'ದ ವ್ಯತ್ಯಾಸ ಇದೇ. ಪೆಟ್ರೋಲು ಸುಡುವುದು ಚಲಿಸಿದ ದೂರಕ್ಕೆ.

ಆದರೆ ದೂರವನ್ನು ಹಿಗ್ಗಿಸುವವರೂ ಇದ್ದಾರೆ. 1848ರಲ್ಲಿ ಅಮೆರಿಕದ ಪತ್ರಿಕೆಯ ಸಂಪಾದಕ ಹೊರೇಸ್ ಗ್ರೀಲಿ, ಸಂಸದರು ಪಡೆದ ಪ್ರಯಾಣ ಭತ್ಯೆಯನ್ನು ಅಂಚೆಯ ಅತಿ ಹತ್ತಿರದ ದಾರಿಯ ಜತೆ ಹೋಲಿಸಿ ಪಟ್ಟಿ ಅಚ್ಚು ಹಾಕಿದ. ಬಹಳ ಮಂದಿಯ ದಾರಿ ಉದ್ದವಾಗಿತ್ತು. ಅಂದು ಇಲಿನಾಯ್‌ನ ಸಂಸದನಾಗಿದ್ದ ಅಬ್ರಹಾಂ ಲಿಂಕನ್ನನ ಹೆಸರೂ ಅದರಲ್ಲಿತ್ತು! ಅವರೆಲ್ಲ ಕಾನೂನು ಮುರಿದರೆಂದು ಗ್ರೀಲಿ ಹೇಳಲಿಲ್ಲ, ಕಾನೂನನ್ನೇ ತಿದ್ದಬೇಕೆಂದ.

ಲಿಂಕನ್ನನ ಮಾತು ಆಡಿದ ಮೇಲೆ ನನ್ನದನ್ನೂ ಹೇಳಲೇಬೇಕು. ನಾನು ಆಗಷ್ಟೇ ಕೆಲಸಕ್ಕೆ ಸೇರಿದ ದಿನಗಳು. ವಿಜ್ಞಾನ ವಸ್ತುಪ್ರದರ್ಶನಕ್ಕೆ ನನ್ನ ಮೊಪೆಡ್ ಮೇಲೆ ಹೊರಟಿದ್ದೆ. ಹಿಂದೆ ಥರ್ಮೋಕೋಲಿನ ಜ್ವಾಲಾಮುಖಿ ಅಪ್ಪಿಕೊಂಡು ಒಬ್ಬ ಹುಡುಗ. ಅಳತೆಯ ಪಾಠವೂ ಆಗಲೆಂದು ಹೋಗುವಾಗ, ಬಂದ ಮೇಲೆ ಮೀಟರು ನೋಡಿ ಬರೆದುಕೊಳ್ಳಲು ಅವನಿಗೆ ಹೇಳಿದ್ದೆ. 46 ಕಿಲೋಮೀಟರ್ ಬಂತು. ಟಿ.ಎ. ಬಿಲ್ಲು ಬರೆಯುವಾಗ ಹಿರಿಯ ಸಹೋದ್ಯೋಗಿಯೊಬ್ಬರು, "ಅದನ್ನು ತಿರುವಿ ಬರೀರಿ, ಯಾರು ಕೇಳ್ತಾರೆ?" ಎಂದರು. ನಾನು 64 ಎಂದು ಬರೆದೆ.

ಬಿಲ್ಲನ್ನು ಮುಖ್ಯೋಪಾಧ್ಯಾಯರ ಕೋಣೆಗೆ ಕೊಂಡೊಯ್ದವನು ಅದೇ ಹುಡುಗ. ತಿರುಗಿ ಬಂದು ಮೆಲ್ಲಗೆ, "ಸರ್, ನನ್ನ ಎಣಿಕೆ ತಪ್ಪಾಗೈತೇನ್ರಿ?" ಎಂದು ಕೇಳಿದ. "ಹೌದು, ತಪ್ಪಾಗಿದೆ" ಎಂದುಬಿಟ್ಟೆ. ಅವನು ಸುಮ್ಮನೆ ನೋಟುಪುಸ್ತಕ ತೆಗೆದು 46ನ್ನು ಹೊಡೆದುಹಾಕಿ 64 ಎಂದು ಬರೆದುಕೊಂಡ.

ಆ ಬಿಲ್ಲು ಯಾವುದೋ ಸಹಿ ಇಲ್ಲವೆಂದು ಮರಳಿ ಬಂತು. ಮಂಜೂರಾಗದೆ ಹೋದದ್ದು ನನ್ನ ಪುಣ್ಯ. ಹರಿದು ಹಾಕಿ 46ಕ್ಕೇ ಮತ್ತೆ ಬರೆದೆ. ಆದರೆ ಆ ಹುಡುಗನನ್ನು ಕರೆದು, "ನಿನ್ನ ಎಣಿಕೆ ಸರಿ ಇತ್ತಪ್ಪಾ, ತಪ್ಪು ನನ್ನದು" ಎನ್ನಲು ನನಗೆ ಒಂದು ವಾರ ಬೇಕಾಯಿತು. ಕೆಲವೇ ರೂಪಾಯಿಗಾಗಿ ಒಂದು ಮಗುವಿಗೆ ತನ್ನ ಕಣ್ಣನ್ನೇ ನಂಬಬೇಡವೆಂದು ಕಲಿಸಿದ್ದೆ. ಇಷ್ಟು ವರ್ಷಗಳಾದರೂ ಮೀಟರು ನೋಡಿದಾಗಲೆಲ್ಲ ಅದು ನೆನಪಾಗುತ್ತದೆ.

ಅದಕ್ಕೇ ಅಂದು ಮೊಣಕಾಲಿಗೆ ಬಟ್ಟೆ ಸುತ್ತಿದವನಿಗೆ ನಾಲ್ಕು ಸಾವಿರ ಕೊಟ್ಟು ಒಂದು ಷರತ್ತು ಹಾಕಿದೆ: "ಒಂದು ತಿಂಗಳು ದಿನಾ ಮೀಟರು ಬರೆ. ಎಲ್ಲಿಗೆ, ಯಾಕೆ, ಎಷ್ಟು. ಒಂದು ಕಿಲೋಮೀಟರೂ ಕಡಿಮೆ ಬರೆಯಬೇಡ, ಒಂದೂ ಹೆಚ್ಚು ಬರೆಯಬೇಡ."

ಅವನು ಬರೆದ. ಜತೆಯ ನಾಲ್ವರೂ ಬರೆದರು. ವ್ಯವಸ್ಥಾಪಕರು ಮೊದಲು ನಕ್ಕರಂತೆ. ಐದು ಪುಸ್ತಕ ನೋಡಿದ ಮೇಲೆ ನಗು ನಿಂತಿತು. ದೀಪಾವಳಿಯ ಹೊತ್ತಿಗೆ ಕಿಲೋಮೀಟರಿಗೆ ಐವತ್ತು ಪೈಸೆ ಏರಿಸಿದರು. ಸಾಲದು, ಆದರೂ ಇದು ದಯೆಯಿಂದ ಬಂದದ್ದಲ್ಲ, ಲೆಕ್ಕದಿಂದ ಬಂದದ್ದು. ಈಗ ಅವನು ಕಿಲೋಮೀಟರಿಗೆ ಒಂದೂವರೆ ರೂಪಾಯಿಯಂತೆ ಅಂಚೆ ಕಚೇರಿಯ ಉಳಿತಾಯ ಖಾತೆಯಲ್ಲಿ ಬೇರೆ ಇಡುತ್ತಾನೆ. ಅದಕ್ಕೆ 'ಟೈರಿನ ಖಾತೆ' ಎಂದು ಹೆಸರಿಟ್ಟಿದ್ದಾನೆ.

ತಂದೆತಾಯಿಗಳಲ್ಲಿ ಒಂದು ವಿನಂತಿ. ಮಗನಿಗೋ ಮಗಳಿಗೋ ಸ್ವಂತ ವಾಹನ ಕೇಳುವ ಕೆಲಸ ಬಂದರೆ, ಬಂಗಾರ ಅಡವಿಡುವ ಮುಂಚೆ ಮೂರು ಪ್ರಶ್ನೆ ಕೇಳಿರಿ. ಕಿಲೋಮೀಟರಿಗೆ ಎಷ್ಟು ಕೊಡುತ್ತೀರಿ? ದೂರವನ್ನು ಯಾವುದರಿಂದ ಅಳೆಯುತ್ತೀರಿ? ಪೆಟ್ರೋಲಿನ ಬೆಲೆ ಏರಿದರೆ ದರ ಏರುತ್ತದೆಯೇ? ಉತ್ತರವನ್ನು ಬರೆಸಿಕೊಳ್ಳಿರಿ. ವಿದ್ಯಾರ್ಥಿಗಳು ಇಂದೇ ಮನೆಯ ಗಾಡಿಯ ಮೀಟರು ಬರೆದಿಟ್ಟು ಒಂದು ತಿಂಗಳು ಲೆಕ್ಕ ಹಾಕಿರಿ.

ನನ್ನ ನಾಲ್ಕು ಸಾವಿರ ಎರಡು ಕಂತಿನಲ್ಲಿ ಮರಳಿ ಬಂತು. ಎರಡನೆಯ ಕಂತು ಕೊಡಲು ಬಂದಾಗ ಹುಡುಗ ಮೊದಲು ಹೊಸ ಟೈರು ತೋರಿಸಿದ. ಗೀರುಗಳು ಆಳವಾಗಿದ್ದವು, ಅವುಗಳ ತುಂಬ ಎರೆಮಣ್ಣು ಕೂತಿತ್ತು.