ಇಪ್ಪತ್ತೇಳು ತಿರುವುಗಳ ದಾರಿ, ಒಂದು ಉಕ್ಕಿನ ಸರಳು

ತಾಳವಾಡಿ ಬಯಲಿನ ಜನ ಜಿಲ್ಲಾ ಕೇಂದ್ರವಾದ ಈರೋಡಿಗಾಗಲಿ, ದೊಡ್ಡ ಆಸ್ಪತ್ರೆಗಳಿರುವ ಕೊಯಮತ್ತೂರಿಗಾಗಲಿ ಹೋಗಬೇಕೆಂದರೆ ದಿಂಬಂ ಘಟ್ಟವನ್ನು ಇಳಿಯಬೇಕು. ಮನೆಯ ಮಾತು ಮೈಸೂರು ಸೀಮೆಯದು, ಕಚೇರಿಯ ಕಾಗದ ತಮಿಳಿನದು. ಎರಡರ ನಡುವೆ ನಿಂತಿರುವುದು ಈ ಘಟ್ಟ. ಇದರ ಮೈಮೇಲೆ ಇಪ್ಪತ್ತೇಳು ಹೇರ್‌ಪಿನ್ ತಿರುವುಗಳಿವೆ. ತಮಿಳಿನಲ್ಲಿ ಇಂಥ ತಿರುವಿಗೆ ‘ಕೊಂಡೈ ಊಸಿ ವಳೈವು’ ಎನ್ನುತ್ತಾರೆ. ತುರುಬಿಗೆ ಸಿಕ್ಕಿಸುವ ಪಿನ್ನಿನಂತೆ ಬಾಗಿದ ದಾರಿ ಎಂದು ಅದರ ಅರ್ಥ. ಹೋದ ದಿಕ್ಕಿಗೇ ಮರಳಿ ಮುಖ ಮಾಡುವ ಆ ರಸ್ತೆಗೆ ಅದಕ್ಕಿಂತ ಒಪ್ಪುವ ಹೆಸರು ಸಿಗದು.

ಬೆಂಗಳೂರಿನಿಂದ ಚಾಮರಾಜನಗರದ ಮೇಲೆ ಕೊಯಮತ್ತೂರಿಗೆ ಹೋಗುವ 948ನೆಯ ರಾಷ್ಟ್ರೀಯ ಹೆದ್ದಾರಿ ಇದೇ ಘಟ್ಟವನ್ನು ಹಾದುಹೋಗುತ್ತದೆ. ಇಕ್ಕೆಲದ ಕಾಡು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಹಾಸನೂರಿನ ಆಚೆ ಕಾರಪಳ್ಳಂ ಚೆಕ್‌ಪೋಸ್ಟಿನ ಬಳಿ ಆನೆಗಳು ಕಬ್ಬಿನ ಲಾರಿಗಳಿಗಾಗಿ ಕಾದು ನಿಲ್ಲುವುದುಂಟು. ವನ್ಯಜೀವಿಗಳ ಸಾವು ನಿಲ್ಲಲೆಂದು 2022ರಲ್ಲಿ ಮದರಾಸು ಹೈಕೋರ್ಟು ಇಲ್ಲಿನ ರಾತ್ರಿ ಸಂಚಾರಕ್ಕೆ ನಿರ್ಬಂಧ ವಿಧಿಸಿತು. ಹಗಲಿನಲ್ಲಾದರೋ ಕೋಸು, ಆಲೂಗಡ್ಡೆ, ಬಾಳೆಗೊನೆ ಹೇರಿದ ವಾಹನಗಳು ಒಂದರ ಹಿಂದೊಂದು ಇಳಿಯುತ್ತವೆ. ಉದ್ದನೆಯ ಲಾರಿಯೊಂದು ತಿರುವಿಗೆ ಬಂದಾಗ ಇಡೀ ರಸ್ತೆ ಅದರದೇ. ಉಳಿದವರು ಹಿಂದೆ ಸರಿದು ಕಾಯಬೇಕು.

ತಾಳವಾಡಿಯ ಕಡೆಯ ಒಂದು ರೈತ ಕುಟುಂಬಕ್ಕೆ ಈ ದಾರಿ ತಿಂಗಳಿಗೊಮ್ಮೆ ತಪ್ಪದು. ಮನೆಯ ಹಿರಿಯ ಅಜ್ಜಿಗೆ ಸೊಂಟದ ನೋವು, ಚಿಕಿತ್ಸೆ ಕೊಯಮತ್ತೂರಿನಲ್ಲಿ. ಇಪ್ಪತ್ತು ವರ್ಷ ದಾಟಿದ ಅವರ ಕಾರು ಪ್ರತಿ ತಿರುವಿನಲ್ಲಿಯೂ ಹೊರಮಗ್ಗುಲಿಗೆ ವಾಲುತ್ತಿತ್ತು. ಕನ್ನಡ ಶಾಲೆಯಲ್ಲಿ ಒಂಬತ್ತನೆಯ ತರಗತಿ ಓದುವ ಮೊಮ್ಮಗಳು ಅಜ್ಜಿಯ ಪಕ್ಕದಲ್ಲಿ ಭುಜ ಕೊಟ್ಟು ಕುಳಿತು ತಿರುವುಗಳನ್ನು ಎಣಿಸುವಳು. ಹತ್ತು ದಾಟುವುದರೊಳಗೆ ಅಜ್ಜಿಯ ಸೆರಗು ಬಾಯಿಗೆ ಬರುತ್ತಿತ್ತು. ಹದಿನೈದರಲ್ಲಿ ಎಲ್ಲಿಯಾದರೂ ಕಾರು ನಿಲ್ಲಿಸಲೇಬೇಕು. ಆದರೆ ಕಾಡಿನ ನಡುವೆ, ತಿರುವಿನ ಪಕ್ಕದಲ್ಲಿ ನಿಲ್ಲಿಸುವುದಾದರೂ ಎಲ್ಲಿ?

ದಸರಾ ರಜೆಯಲ್ಲಿ ಅಜ್ಜಿಯನ್ನು ಎರಡು ದಿನದ ತಪಾಸಣೆಗೆ ಸೇರಿಸಬೇಕಾಗಿ ಬಂತು. ಆ ಎರಡು ದಿನಗಳಲ್ಲೇ ಕಾರಿನ ಕೆಲಸವನ್ನೂ ಮುಗಿಸುವುದೆಂದು ಮಗ ನಿಶ್ಚಯಿಸಿದ. ಗೆಳೆಯರ ಸಲಹೆ ಅವನ ತಲೆಯಲ್ಲಿತ್ತು: ಗಟ್ಟಿಯಾದ ಗಿಡ್ಡ ಸ್ಪ್ರಿಂಗು ಹಾಕಿಸಿ ಕಾರನ್ನು ಎರಡು ಅಂಗುಲ ತಗ್ಗಿಸಬೇಕು, ಹಿಂದೆಯೂ ಮುಂದೆಯೂ ದಪ್ಪನೆಯ ಸ್ವೇ ಬಾರ್ ಕೂರಿಸಬೇಕು, ಆಮೇಲೆ ಗಾಡಿ ನೆಲಕ್ಕೆ ಅಂಟಿಕೊಂಡು ಹೋಗುತ್ತದೆ.

ಬಣ್ಣಾರಿ, ಸತ್ಯಮಂಗಲ, ಪುಳಿಯಂಪಟ್ಟಿ, ಅನ್ನೂರುಗಳನ್ನು ದಾಟಿದರೆ ಕೊಯಮತ್ತೂರು. ಪಂಪು, ಮೋಟಾರು, ಎರಕದ ಕೆಲಸಗಳಿಗೆ ಹೆಸರಾದ ಊರು ಅದು. ಅಲ್ಲಿಯ ಎಸ್. ಕರಿವರ್ಧನ್ ರೇಸ್ ಕಾರುಗಳನ್ನೇ ಕಟ್ಟಿ ಓಡಿಸಿದವರು. ಚೆಟ್ಟಿಪಾಳಯದ ರೇಸ್ ಪಥಕ್ಕೆ ಅವರ ಹೆಸರೇ ಇದೆ. 2005ರಲ್ಲಿ ಫಾರ್ಮುಲಾ ಒನ್ ಸ್ಪರ್ಧೆಗೆ ಇಳಿದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ಕೂಡ ಈ ಊರಿನವರೇ. ಕಾರಿನ ನಡೆಯನ್ನು ತಿದ್ದುವ ಕುಶಲಿಗಳು ಇಲ್ಲಿ ಸಿಗುವುದರಲ್ಲಿ ಆಶ್ಚರ್ಯವೇನಿಲ್ಲ.

ಅವರು ಹೋದ ವರ್ಕ್‌ಶಾಪು ಒಂದು ಗಲ್ಲಿಯೊಳಗಿತ್ತು. ಮೇಸ್ತ್ರಿ ಅರವತ್ತರ ಆಚೆಯವರು; ಕೊಯಮತ್ತೂರಿನ ಅನೇಕ ಹಳೆಯ ಮನೆತನಗಳಂತೆ ಅವರ ಮನೆಯಲ್ಲಿಯೂ ಮಾತು ಕನ್ನಡ, ಓದುಬರಹ ತಮಿಳು. ತಾಳವಾಡಿಯವರೆಂದು ತಿಳಿದ ಕೂಡಲೇ ಮಾತು ಕನ್ನಡಕ್ಕೆ ಹೊರಳಿತು. ಬೇಕಾದ ಸಾಮಾನುಗಳ ಪಟ್ಟಿಯನ್ನೆಲ್ಲ ಕೇಳಿಸಿಕೊಂಡು ಅವರು ಒಂದೇ ಪ್ರಶ್ನೆ ಹಾಕಿದರು: “ಹಿಂದಿನ ಸೀಟಿನಲ್ಲಿ ಯಾರು ಕೂರುತ್ತಾರೆ ತಮ್ಮಾ?”

“ನಮ್ಮ ಅವ್ವ, ಅಣ್ಣಾ. ಸೊಂಟ ನೋವು.”

“ಹಂಗಾದರೆ ರೇಸಿನ ಸ್ಪ್ರಿಂಗು ಯಾರಿಗೆ?”

ಕಾರನ್ನು ಎತ್ತಿ ನೋಡಿದಾಗ ಅರ್ಧ ಉತ್ತರ ಅಲ್ಲಿಯೇ ಸಿಕ್ಕಿತು. ಮುಂದಿನ ಸ್ವೇ ಬಾರನ್ನು ಹಿಡಿದಿಟ್ಟ ರಬ್ಬರ್ ಬುಷ್‌ಗಳು ಒಣಗಿ ಬಿರಿದಿದ್ದವು. ಲಿಂಕ್ ರಾಡ್ ಕೈಯಿಂದ ಅಲುಗಿಸಿದರೆ ಲೊಟಲೊಟ ಎನ್ನುತ್ತಿತ್ತು. ಒಂದು ಕಡೆಯ ಸ್ಪ್ರಿಂಗು ಇನ್ನೊಂದಕ್ಕಿಂತ ಕುಸಿದಿತ್ತು. ಕಾರು ವಾಲುತ್ತಿದ್ದುದು ಹುಟ್ಟುಗುಣದಿಂದಷ್ಟೇ ಅಲ್ಲ, ಮುಪ್ಪಿನಿಂದಲೂ.

ಸ್ಪ್ರಿಂಗಿನ ಕೆಲಸ ಕಾರಿನ ಭಾರ ಹೊರುವುದು. ಅದು ಕುಣಿಯುತ್ತಲೇ ಇರದಂತೆ ತಡೆಯುವುದು ಶಾಕ್ ಅಬ್ಸಾರ್ಬರಿನ ಕೆಲಸ. ಆದ್ದರಿಂದ ಒಂದನ್ನು ವಿಪರೀತ ಗಟ್ಟಿ ಮಾಡಿ ಇನ್ನೊಂದನ್ನು ಹಳೆಯದೇ ಉಳಿಸಿದರೆ ಜೋಡಿ ಕೆಡುತ್ತದೆ. ಕೆಲವೆಡೆ ಕಾರು ತಗ್ಗಲೆಂದು ಸ್ಪ್ರಿಂಗಿನ ಒಂದು ಸುತ್ತನ್ನು ಕತ್ತರಿಸುತ್ತಾರೆ. ಏಳು ಸುತ್ತು ಉಳಿದ ಎಂಟು ಸುತ್ತಿನ ಸ್ಪ್ರಿಂಗು ಗಿಡ್ಡವಾಗುವುದಲ್ಲದೆ ಸುಮಾರು ಏಳರಲ್ಲೊಂದು ಪಾಲು ಹೆಚ್ಚು ಬಿರುಸೂ ಆಗುತ್ತದೆ. ಕತ್ತರಿಸಿದ ತುದಿ ತನ್ನ ತಟ್ಟೆಯಲ್ಲಿ ಸರಿಯಾಗಿ ಕೂರದೆ, ಚಕ್ರ ಗುಂಡಿಗಿಳಿದಾಗ ಜಾರಿಬಿಡಲೂಬಹುದು. ಗ್ಯಾಸಿನ ಬೆಂಕಿಯಿಂದ ಕಾಯಿಸಿ ತಗ್ಗಿಸುವುದು ಇನ್ನೂ ಕೆಟ್ಟದ್ದು. ಆ ಕಾವಿಗೆ ಉಕ್ಕಿನ ಹದವೇ ಹೋಗುತ್ತದೆ.

ಸ್ವೇ ಬಾರ್ ಎಂದರೆ ಕಾರಿನ ಅಡ್ಡಕ್ಕೆ ಮಲಗಿಸಿದ, ಎರಡೂ ತುದಿ ಬಾಗಿದ ಸ್ಪ್ರಿಂಗ್ ಉಕ್ಕಿನ ಸರಳು. ನಡುಭಾಗವನ್ನು ಬುಷ್‌ಗಳು ಕಾರಿನ ಮೈಗೆ ಹಿಡಿದಿರುತ್ತವೆ. ತುದಿಗಳು ಲಿಂಕ್ ರಾಡುಗಳ ಮೂಲಕ ಎಡಬಲದ ಚಕ್ರಗಳಿಗೆ ಸೇರುತ್ತವೆ. ವೇಗತಡೆಯ ಮೇಲೆ ಎರಡೂ ಚಕ್ರಗಳು ಒಟ್ಟಿಗೆ ಏರಿದರೆ ಸರಳು ಸುಮ್ಮನೆ ಹೊರಳುತ್ತದೆ. ತಿರುವಿನಲ್ಲಿ ಮಾತ್ರ ಕಾರಿನ ಮೈ ಹೊರಕ್ಕೆ ವಾಲಿ ಒಂದು ಕಡೆ ತಗ್ಗುತ್ತದೆ, ಇನ್ನೊಂದು ಕಡೆ ಎದ್ದೇಳುತ್ತದೆ. ಆಗ ಸರಳು ಹಿಂಡಿದ ಬಟ್ಟೆಯಂತೆ ತಿರುಚಿಕೊಳ್ಳುತ್ತದೆ. ತಿರುಚಿದ ಉಕ್ಕು ಮತ್ತೆ ನೆಟ್ಟಗಾಗಲು ಹವಣಿಸುತ್ತದೆ. ಆ ಹವಣಿಕೆಯೇ ಕಾರನ್ನು ಸಮಕ್ಕೆ ಎಳೆಯುವ ಬಲ.

ಸರಳಿನ ದಪ್ಪದ ಲೆಕ್ಕ ಹುಡುಗಿಗೆ ಹಿಡಿಸಿತು. ಹಳೆಯದು 20 ಮಿಲಿಮೀಟರ್, ಮೇಸ್ತ್ರಿ ತಂದಿರಿಸಿದ ಹೊಸದು 22. “ಎರಡೇ ಮಿಲಿಮೀಟರ್ರಾ?” ಎಂದಳು ಅವಳು. ಸರಳಿನ ಬಿಗುವು ವ್ಯಾಸದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಏರುತ್ತದೆ ಎಂದು ಮೇಸ್ತ್ರಿ ಹೇಳಿದಾಗ ಗೋಡೆಗೊರಗಿದ್ದ ಹಲಗೆಯ ಮೇಲೆ ಸೀಮೆಸುಣ್ಣದಿಂದ ಗುಣಿಸಿದಳು. 1.1ನ್ನು ನಾಲ್ಕು ಸಲ ಗುಣಿಸಿದರೆ 1.4641. ದಪ್ಪ ಹತ್ತು ಪಾಲು ಹೆಚ್ಚಿದರೆ ಬಿಗುವು ನಲವತ್ತಾರು ಪಾಲು ಹೆಚ್ಚುತ್ತದೆ. ಶಾಲೆಯ ಘಾತಾಂಕಗಳು ಕಾರಿನ ಹೊಟ್ಟೆಯ ಕೆಳಗೆ ಮಲಗಿದ್ದವು.

ಹಿಂಬದಿಗೆ ದಪ್ಪನೆಯ ಸರಳು ಹಾಕಲು ಮೇಸ್ತ್ರಿ ಒಪ್ಪಲಿಲ್ಲ. ಸರಳು ಬಿಗಿಯಾದ ಕಡೆ ಹೊರಚಕ್ರದ ಹೊರೆ ಹೆಚ್ಚುತ್ತದೆ. ಮಳೆಯ ರಸ್ತೆಯಲ್ಲಿ ಆ ಕಡೆಯ ಟೈರುಗಳೇ ಮೊದಲು ಹಿಡಿತ ಬಿಡುತ್ತವೆ. ಮುಂದಿನವು ಬಿಟ್ಟರೆ ಕಾರು ತಿರುವಿನಲ್ಲಿ ಅಗಲಕ್ಕೆ ಹೋಗುತ್ತದೆ, ವೇಗ ತಗ್ಗಿಸಿದರೆ ಸಾಮಾನ್ಯವಾಗಿ ದಾರಿಗೆ ಬರುತ್ತದೆ. ಹಿಂದಿನವು ಬಿಟ್ಟರೆ ಬಾಲವೇ ಸುತ್ತಿ ಬರುತ್ತದೆ. ಅದನ್ನು ಸಂಭಾಳಿಸುವುದು ಎಲ್ಲರ ಕೈಯಲ್ಲಾಗುವ ಕೆಲಸವಲ್ಲ. ಐಪಸಿ ತಿಂಗಳ ಮಳೆಯಲ್ಲಿ ದಿಂಬಂ ಹತ್ತುವವರಿಗೆ ಅದು ಬೇಡ. ಕಾರನ್ನು ತಗ್ಗಿಸುವ ಮಾತೂ ಅಲ್ಲಿಗೇ ನಿಂತಿತು. ವಾಹನದ ಮೂಲ ವಿವರಗಳು ಬದಲಾಗುವಂತೆ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಡೆಯುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದಿದೆ. ಕೊನೆಗೆ ನಿಂತದ್ದು ಇಷ್ಟು: ಮೂಲದ ಎತ್ತರವನ್ನೇ ಕಾಯುವ, ತುಸು ಬಿಗಿಯಾದ ನಾಲ್ಕು ಸ್ಪ್ರಿಂಗು, ಅವಕ್ಕೆ ಒಪ್ಪುವ ಶಾಕ್ ಅಬ್ಸಾರ್ಬರು, ಮುಂದೆ 22ರ ಸರಳು, ಹೊಸ ಬುಷ್, ಹೊಸ ಲಿಂಕ್ ರಾಡು.

ಕೆಲಸ ಒಂದೂವರೆ ದಿನ ನಡೆಯಿತು. ಹಿಂಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಜಾಕಿನಿಂದ ಎತ್ತಿ, ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಭಾರ ಕೂರಿಸಿದ ಮೇಲೆಯೇ ಹುಡುಗರು ಕೆಳಗೆ ನುಸುಳಿದರು. ಬರಿಯ ಜಾಕನ್ನು ನಂಬಿ ಕಾರಿನಡಿಗೆ ಹೋಗುವುದು ಅಲ್ಲಿ ನಿಷಿದ್ಧ. ಬೋಲ್ಟುಗಳನ್ನು ಬಿಚ್ಚುವ ಮೊದಲು ಅವುಗಳ ಜಾಗಕ್ಕೆ ಗುರುತು ಹಾಕಿದರು. ಸ್ಪ್ರಿಂಗು ಸಹಿತ ಶಾಕ್ ಅಬ್ಸಾರ್ಬರನ್ನು ಹೊರತೆಗೆದು, ಎರಡು ಬದಿಗೂ ಕೊಕ್ಕೆ ಹಾಕಿ, ಸ್ಕ್ರೂ ತಿರುಗಿಸುತ್ತ ಸ್ಪ್ರಿಂಗನ್ನು ಅಷ್ಟಷ್ಟೇ ಅದುಮಿದರು. ಅದು ಪೂರ್ತಿ ಸಡಿಲಾಗುವ ಮೊದಲು ನೆತ್ತಿಯ ನಟ್ಟನ್ನು ಮುಟ್ಟಿದರೆ ಅದುಮಿಟ್ಟ ಉಕ್ಕು ಗುಂಡಿನಂತೆ ಸಿಡಿಯುತ್ತದೆ. ಆ ಹೊತ್ತಿನಲ್ಲಿ ಮೇಸ್ತ್ರಿ ಹುಡುಗಿಯನ್ನು ಬಾಗಿಲಾಚೆ ನಿಲ್ಲಿಸಿದರು. ಹಳೆಯ ಸರಳನ್ನು ಸ್ಟೀರಿಂಗಿನ ಕೆಳಗಿನ ಇಕ್ಕಟ್ಟಿನಿಂದ ಎಳೆಯಲು ಇಬ್ಬರು ಬೇಕಾದರು.

ಕೊನೆಯ ಬಿಗಿತವನ್ನು ಮಾತ್ರ ಮೇಸ್ತ್ರಿ ಕಾರು ನೆಲಕ್ಕಿಳಿದ ಮೇಲೆ ಮಾಡಿದರು. ಚಕ್ರಗಳು ಜೋತುಬಿದ್ದಾಗಲೇ ರಬ್ಬರ್ ಬುಷ್‌ಗಳ ಬೋಲ್ಟನ್ನು ಬಿಗಿದರೆ, ಕಾರು ಕೆಳಗಿಳಿದಾಗ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಹೊರೆ ಹೊತ್ತ ಸಹಜ ನಿಲುವಿನಲ್ಲಿ ಬಿಗಿದರೆ ಮಾತ್ರ ಅದಕ್ಕೆ ನೆಮ್ಮದಿ. ಆಮೇಲೆ ಚಕ್ರಗಳ ಅಲೈನ್‌ಮೆಂಟ್, ಹೆಡ್‌ಲೈಟಿನ ನೇರ, ಒಂದು ಸುತ್ತಿನ ಓಟ.

ಹಣ ಎಣಿಸಿ ಕೊಡುವಾಗ ಮಗನ ಮುಖದಲ್ಲಿ ಗೆಲುವಿತ್ತು. “ಇನ್ನು ಘಟ್ಟದಲ್ಲಿ ಭಯವಿಲ್ಲ ಬಿಡಣ್ಣಾ” ಎಂದ.

ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ಹೇಳಿದರು: “ತಮ್ಮಾ, ಕಾರು ವಾಲುತ್ತಿದ್ದದ್ದು ನಿನಗೆ ಕೊಡುತ್ತಿದ್ದ ಎಚ್ಚರಿಕೆ. ಅದನ್ನು ನಾನು ಕಡಿಮೆ ಮಾಡಿದ್ದೇನೆ. ಟೈರಿಗೆ ಹೊಸ ಹಿಡಿತ ಕೊಟ್ಟಿಲ್ಲ. ಮೊದಲು ಹೋಗುತ್ತಿದ್ದ ವೇಗದಲ್ಲೇ ಹೋಗು.”

ಆ ಮಾತಿನಲ್ಲಿ ಉತ್ಪ್ರೇಕ್ಷೆಯಿರಲಿಲ್ಲ. ತಿರುವಿನಲ್ಲಿ ಒಳಚಕ್ರಗಳಿಂದ ಹೊರಚಕ್ರಗಳಿಗೆ ಒಟ್ಟು ಎಷ್ಟು ಭಾರ ಸರಿಯುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಕಾರಿನ ತೂಕ, ಅದರ ಭಾರಕೇಂದ್ರದ ಎತ್ತರ, ಚಕ್ರಗಳ ನಡುವಿನ ಅಗಲ ಮತ್ತು ವೇಗ. ಸರಳು ಆ ಮೊತ್ತವನ್ನು ಕರಗಿಸುವುದಿಲ್ಲ. ಹಿಂದು ಮುಂದುಗಳ ನಡುವೆ ಹಂಚುತ್ತದೆ, ಮೈಯ ವಾಲಿಕೆಯನ್ನು ತಡೆಯುತ್ತದೆ. ವಾಲಿಕೆ ಕಾಣದಾದಾಗ ಅಪಾಯವೂ ಇಲ್ಲವೆಂದು ಚಾಲಕನಿಗೆ ತೋರುವುದೇ ನಿಜವಾದ ಅಪಾಯ.

ಮೂರನೆಯ ದಿನ ಅಜ್ಜಿಯನ್ನು ಕೂರಿಸಿಕೊಂಡು ಕಾರು ಊರ ದಾರಿ ಹಿಡಿಯಿತು. ಬಣ್ಣಾರಿ ಮಾರಮ್ಮನಿಗೆ ಕೈಮುಗಿದು ಹೊರಟಾಗ ಸಣ್ಣ ಮಳೆ. ಹುಡುಗಿ ಎಣಿಸತೊಡಗಿದಳು. ಐದರಲ್ಲಿ ಕಾರು ವಾಲಿದ್ದು ಅಷ್ಟಕ್ಕಷ್ಟೇ. ಎಂಟರಲ್ಲಿ ಅಪ್ಪನ ಕಾಲು ಅರಿಯದೆಯೇ ಸ್ವಲ್ಪ ಹೆಚ್ಚು ಒತ್ತಿತು. “ಅಪ್ಪಾ, ಮೇಸ್ತ್ರಿ ಹೇಳಿದ್ದು?” ಎಂದಳು ಮಗಳು. ಕಾಲು ಹಿಂದೆ ಬಂತು. ಹನ್ನೊಂದರಲ್ಲಿ ಕೋಸಿನ ಲಾರಿಗೆ ದಾರಿ ಬಿಟ್ಟು ನಿಂತರು. ಹದಿನೈದು ದಾಟಿತು, ಸೆರಗು ಮಡಿಲಲ್ಲೇ ಇತ್ತು. ಇಪ್ಪತ್ತೇಳರ ಆಚೆ ದಿಂಬಂನ ತಂಪುಗಾಳಿ ಒಳಗೆ ನುಗ್ಗಿತು.

ತಲಮಲೆಯ ಕಾಡುದಾರಿಯಲ್ಲಿ ಹೊಸ ಸರಳಿನ ಇನ್ನೊಂದು ಗುಣವೂ ತಿಳಿಯಿತು. ಎಡಚಕ್ರ ಗುಂಡಿಗೆ ಬಿದ್ದರೆ ಅದರ ಪೆಟ್ಟನ್ನು ಸರಳು ಬಲಕ್ಕೂ ಒಯ್ದು ಕಾರನ್ನು ಪಕ್ಕಕ್ಕೆ ಕುಲುಕುತ್ತಿತ್ತು. ಅಜ್ಜಿ ಸೊಂಟದ ಮೇಲೆ ಕೈಯಿಟ್ಟು, “ಘಟ್ಟದಲ್ಲಿ ಚೆಂದಾಗಿತ್ತು ಕಣಪ್ಪಾ. ಈ ಗುಂಡಿ ಮಾತ್ರ ಮೊದಲಿಗಿಂತ ಚೆನ್ನಾಗಿ ಗೊತ್ತಾಯ್ತದೆ. ನಿಧಾನಕ್ಕೆ ಹೋಗು” ಎಂದರು.

ಮಗ ಗೇರು ತಗ್ಗಿಸಿದ. ಮುಂದಿನ ತಿಂಗಳು ಆಸ್ಪತ್ರೆಗೆ ಹೋದಾಗ ಬೋಲ್ಟುಗಳ ಬಿಗಿತವನ್ನು ಮತ್ತೊಮ್ಮೆ ಪರೀಕ್ಷಿಸಲು ಬರುವಂತೆ ಮೇಸ್ತ್ರಿ ಹೇಳಿದ್ದರು. ಹುಡುಗಿ ಅದನ್ನು ಗಣಿತದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ, 1.4641ರ ಕೆಳಗೆ, ಬರೆದಿಟ್ಟುಕೊಂಡಿದ್ದಳು.