ಬಾಯಿ ಮುಚ್ಚದ ಮಕರ

ಪಕ್ಕದಿಂದ ಕಾಣುವ ನೆಲದ ಮೇಲೆ ಓಡುತ್ತ, ಹೊಂಡಗಳನ್ನು ಜಿಗಿಯುತ್ತ ಸಾಗಬೇಕಾದ ವಿಡಿಯೊ ಆಟಕ್ಕೆ ಪ್ಲಾಟ್‌ಫಾರ್ಮ್ ಆಟವೆಂದು ಹೆಸರು. ಇಂಥವುಗಳಲ್ಲಿ ಹಳೆಯದಾದ ‘ಪಿಟ್‌ಫಾಲ್’ ಅನ್ನು ಡೇವಿಡ್ ಕ್ರೇನ್ 1982ರಲ್ಲಿ ಅಟಾರಿ 2600 ಯಂತ್ರಕ್ಕಾಗಿ ರಚಿಸಿ, ಕೇವಲ 4 ಕಿಲೋಬೈಟ್‌ನಲ್ಲಿ, ಅಂದರೆ ಇಂದಿನ ಮೊಬೈಲಿನ ಒಂದು ಫೋಟೊಗೂ ಸಾಲದ ಜಾಗದಲ್ಲಿ, 255 ದೃಶ್ಯಗಳ ಕಾಡೊಂದನ್ನು ಅಡಗಿಸಿದನು. ಆ ಕಾಡಿನ ಕೊಳದಲ್ಲಿ ಮೂರು ಮೊಸಳೆಗಳು ಸಾಲಾಗಿ ತಲೆಯೆತ್ತಿ ನಿಂತು ಒಂದೇ ಲಯದಲ್ಲಿ ಬಾಯಿ ತೆರೆದು ಮುಚ್ಚುತ್ತವೆ. ಮುಚ್ಚಿದಾಗ ಅವುಗಳ ತಲೆಯೇ ಮೆಟ್ಟಿಲು, ತೆರೆದಾಗ ದವಡೆಯ ಮೇಲೆ ನಿಂತವನ ಕಥೆ ಮುಗಿಯಿತು. ದಾಟಲು ಬಿಡದ ಶತ್ರುವೇ ದಾಟುವ ಸಂಕವೂ ಆಗಿರುವುದು ಈ ಆಟದ ಜಾಣತನ. ಆಟಕ್ಕೆ 20 ನಿಮಿಷಗಳ ಮಿತಿಯಿತ್ತು. ಈ ಪ್ರಬಂಧದ ಲೇಖಕನು ಬೇಸಿಗೆ ರಜೆಯಲ್ಲಿ ಗದಗಿನ ಸೋದರಮಾವನ ಮನೆಯಲ್ಲಿ ಆಡುತ್ತಿದ್ದಾಗ ಅದಕ್ಕೂ ಮೊದಲೇ ಕರೆಂಟು ಹೋಗುತ್ತಿದ್ದುದರಿಂದ, ಆ ಮಿತಿಯ ಸಂಗತಿ ಅವನಿಗೆ ತಿಳಿದದ್ದು ದೊಡ್ಡವನಾದ ಮೇಲೆ.

ರಜೆ ಮುಗಿದು ತನ್ನೂರಾದ ಡಂಬಳಕ್ಕೆ ಮರಳಿದರೆ ಅಲ್ಲೊಂದು ಬೇರೆ ಮೊಸಳೆ ಕಾದಿರುತ್ತಿತ್ತು. “ತಮ್ಮಾ, ಕೆರಿಗೆ ಇಳೀಬ್ಯಾಡ, ಮೊಸಳಿ ಐತಿ” ಎಂಬುದು ಅಜ್ಜಿಯ ನಿತ್ಯದ ಎಚ್ಚರಿಕೆ. ಡಂಬಳವಿರುವ ಮುಂಡರಗಿ ತಾಲ್ಲೂಕಿನ ಅಂಚಿನಲ್ಲಿ ಹರಿಯುವ ತುಂಗಭದ್ರೆಯಲ್ಲಿ ಮೊಸಳೆಗಳಿರುವುದು ನಿಜವಾದರೂ, ಕೆರೆಯ ಮೊಸಳೆಯನ್ನು ಕಂಡವರು ಮನೆಯಲ್ಲಿ ಯಾರೂ ಇರಲಿಲ್ಲ. ಕಾಣದಿದ್ದುದರಿಂದಲೇ ಅದು ಅಷ್ಟು ದೊಡ್ಡದಾಗಿ ಬೆಳೆದಿರಬೇಕು.

ಈ ಭಯ ಊರಿಗೆ ಹೊಸದಲ್ಲ. ಡಂಬಳವು ಧರ್ಮವೊಳಲ್ ಎನಿಸಿದ್ದ ಕಾಲದಲ್ಲಿ ಇಲ್ಲಿಯ ಹದಿನಾರು ಸೆಟ್ಟಿಗಳು ಬೌದ್ಧ ವಿಹಾರವೊಂದನ್ನು ಕಟ್ಟಿಸಿದ್ದರು. ಅದನ್ನು ತಿಳಿಸುವ 1095ರ ಶಾಸನವು ಬೌದ್ಧರ ರಕ್ಷಕ ದೇವತೆಯಾದ ತಾರೆಯನ್ನು ಸಿಂಹ, ಆನೆ, ಬೆಂಕಿ, ಹಾವು, ಕಳ್ಳ, ಸಂಕೋಲೆ, ನೀರು, ಪಿಶಾಚಿಗಳ ಭಯ ಕಳೆಯುವವಳೆಂದು ಸ್ತುತಿಸುತ್ತದೆ. ಮೊಸಳೆಗೆ ಆ ಪಟ್ಟಿಯಲ್ಲಿ ಪ್ರತ್ಯೇಕ ಸ್ಥಾನವಿಲ್ಲ; ನೀರೆಂದರೆ ಅದೂ ಬಂದಂತೆಯೇ ಎಂದು ಸೆಟ್ಟಿಗಳು ತಿಳಿದಿರಬಹುದು.

ಆದರೆ ಅದೇ ಕಾಲದ, ಅಂದರೆ ಕಲ್ಯಾಣ ಚಾಲುಕ್ಯರ ಆಳ್ವಿಕೆಯ ಶಿಲ್ಪಿಗಳು ನೀರಿನ ಪ್ರಾಣಿಯನ್ನು ಗುಡಿಯ ಬಾಗಿಲಿಗೇ ತಂದು ಕೂರಿಸಿದರು. ಮಕರವೆಂಬುದು ಮೊಸಳೆಯ ದವಡೆ, ಆನೆಯ ಸೊಂಡಿಲು, ಬಳ್ಳಿಯಂತೆ ಸುರುಳಿಗೊಂಡ ಬಾಲಗಳು ಕೂಡಿದ ಕಲ್ಪಿತ ಜೀವಿ. ಗಂಗೆಗೂ ವರುಣನಿಗೂ ವಾಹನ, ಕಾಮನಿಗೆ ಧ್ವಜ. ಎರಡು ಮಕರಗಳ ನಡುವೆ ಕಮಾನಿನಂತೆ ಬಾಗಿದ ಅಲಂಕಾರಕ್ಕೆ ಮಕರತೋರಣವೆನ್ನುತ್ತಾರೆ. ಇದನ್ನು ಮೊಸಳೆಯೆಂದು ಕರೆದು ಮುಗಿಸುವುದು ಶಿಲ್ಪಿಗೆ ಮಾಡುವ ಅನ್ಯಾಯ; ಆದರೂ ಸಂಬಂಧ ಪೂರ್ತಿ ಸುಳ್ಳಲ್ಲ, ಏಕೆಂದರೆ ನಮ್ಮ ನದಿಗಳ ಮೊಸಳೆಗೆ ಇಂಗ್ಲಿಷರಿಟ್ಟ ‘ಮಗ್ಗರ್’ ಎಂಬ ಹೆಸರು ಹಿಂದಿಯ ‘ಮಗರ್’ನಿಂದ, ಅದು ಸಂಸ್ಕೃತದ ‘ಮಕರ’ದಿಂದ ಬಂದಿದೆ. ಕ್ರೇನನಿಗೆ ಜಾಗದ ಬಡತನ, ಶಿಲ್ಪಿಗೆ ಬಳಪದ ಕಲ್ಲಿನ ಸಿರಿವಂತಿಕೆ. ಇಬ್ಬರೂ ದಾಟುವ ಜಾಗದಲ್ಲಿಯೇ ಬಾಯಿ ತೆರೆದ ಪ್ರಾಣಿಯನ್ನಿಟ್ಟರು.

ಡಂಬಳ ಸೀಮೆಯ ಅಂಥದೊಂದು ಗುಡಿಯ ಹೊಸ್ತಿಲಲ್ಲಿ ಹುಡುಗನೊಬ್ಬ ತಲೆಯೆತ್ತಿ ನಿಂತಿದ್ದುದುಂಟು. ಗದಗಿನಲ್ಲಿ ಕಲಿತ ವಿದ್ಯೆಯಂತೆ, ಮಕರವು ಬಾಯಿ ಮುಚ್ಚುವ ಕ್ಷಣಕ್ಕಾಗಿ ಅವನು ಕಾಯುತ್ತಿದ್ದನು. ಹಿಂದೆ ಬಂದವರು ಗೊಣಗತೊಡಗಿದಾಗ, ಅಜ್ಜಿಯು ಅವನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡಳು.